ಬಣ್ಣ ಆಮೇಲೆ, ಬ್ರೇಕ್ ಪೈಪು ಮೊದಲು

ತಮ್ಮಾ,

ಭದ್ರಾವತಿಯ ಶೆಡ್ಡಿನಿಂದ ಅಜ್ಜನ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಗೆ ಬಂತಂತೆ, ಸಂತೋಷ. ಮದರಾಸಿನಲ್ಲಿ ತಯಾರಾದ ಕಾರಾದರೂ ಅದಕ್ಕೆ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇದೇ ಹೆರಾಲ್ಡಿನ ಚಾಸಿಯಿಂದ. ಆ ಮನೆತನದ ಕಾರು ನಮ್ಮ ಮನೆಯಲ್ಲಿದೆ ಎಂದು ನೀನು ಜಂಬ ಪಟ್ಟರೆ ತಪ್ಪೇನಿಲ್ಲ. ಆದರೆ ಶಿವಮೊಗ್ಗದಲ್ಲಿ ಪೇಂಟಿಂಗಿಗೆ ಎಷ್ಟಾಗುತ್ತೆ ಅಂತ ಕೇಳಿ ಬಂದೆ, ಮುಗಿದ ಕೂಡಲೇ ಆಗುಂಬೆಗೆ ಹೋಗ್ತೀನಿ ಅಂದೆಯಲ್ಲ, ಅಲ್ಲಿ ನಿನ್ನನ್ನು ತಡೆಯಬೇಕಾಗಿದೆ. ಕಣ್ಣಿಗೆ ಕಾಣುವ ಬಣ್ಣಕ್ಕೆ ದುಡ್ಡು ಹಾಕುವ ಮೊದಲು ಕಾರಿನ ಹೊಟ್ಟೆಯಡಿ ಕಾಣದಂತೆ ಹೋಗಿರುವ ಬ್ರೇಕ್ ಪೈಪುಗಳನ್ನು ಪೂರ್ತಿ ಬದಲಾಯಿಸು.

ಯಾಕೆ ಅಂತ ಕೇಳು. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ. ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ನಿನ್ನ ಹೆರಾಲ್ಡಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ದಾರಿ. ಎಲ್ಲಾದರೂ ಒಂದು ಕಡೆ ಪೈಪು ಒಡೆದರೆ ಪೆಡಲು ಸೀದಾ ನೆಲಕ್ಕೆ. ಆಮೇಲೆ ನಿನ್ನ ಕೈಯಲ್ಲಿ ಉಳಿಯುವುದು ಹ್ಯಾಂಡ್ ಬ್ರೇಕೊಂದೇ. ಅದಕ್ಕೇ ಅದರ ಕೇಬಲನ್ನು ಎಲ್ಲಕ್ಕಿಂತ ಮೊದಲು ಸರಿಮಾಡಿಕೋ. ಟೈರಿನೊಳಗೆ ಇರುವ ಒತ್ತಡ ಸುಮಾರು 25 ಪೌಂಡು. ಬ್ರೇಕ್ ಜೋರಾಗಿ ತುಳಿದಾಗ ಆ ಸಣ್ಣ ಪೈಪಿನೊಳಗೆ ಅದು 1000 ಪೌಂಡಿನ ಆಸುಪಾಸಿಗೆ ಏರುತ್ತದೆ. ತುಕ್ಕು ತಿಂದ ಕೊಳವೆ ಅದನ್ನು ಎಷ್ಟು ದಿನ ತಡೆದೀತು?

ತುಕ್ಕಿನ ವಿಚಾರ ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ನಮ್ಮ ಕಾಡಿನ ಕಟ್ಟಿಗೆಯ ಇದ್ದಿಲಿನಿಂದ ಅದಿರು ಕರಗಿಸಿ ಕಬ್ಬಿಣ ತೆಗೆಯಲು ಶುರುಮಾಡಿದ ಊರು ಅದು. ಮಲೆನಾಡಿನ ಮಳೆಗಾಲದಲ್ಲಿ ಶೆಡ್ಡಿನೊಳಗೆ ನಿಂತ ಕಾರಿಗೆ ಹೊರಗಿನಿಂದ ತೇವ. ಒಳಗಿನಿಂದಲೂ ತೇವ, ಏಕೆಂದರೆ ಬ್ರೇಕ್ ಫ್ಲೂಯಿಡ್ಡಿಗೆ ಗಾಳಿಯ ನೀರನ್ನು ಹೀರಿಕೊಳ್ಳುವ ಗುಣವಿದೆ. ಹೀಗಾಗಿ ಸೋರುವ ಜಾಗವನ್ನಷ್ಟೇ ಕತ್ತರಿಸಿ ತುಂಡು ಸೇರಿಸಿದರೆ, ಅದು ಜೀರ್ಣವಾದ ಪಂಚೆಗೆ ಹೊಸ ಬಟ್ಟೆಯ ತೇಪೆ ಹಾಕಿದಂತೆ. ಮಿಕ್ಕ ಪೈಪಿಗೂ ಅಷ್ಟೇ ವಯಸ್ಸಾಗಿದೆ ಎನ್ನುವುದು ನೆನಪಿರಲಿ.

ಬಿಚ್ಚುವಾಗ ಅವಸರ ಬೇಡ. ಬರೀ ಜಾಕಿನ ಮೇಲೆ ನಿಲ್ಲಿಸಿದ ಕಾರಿನಡಿ ತೂರಬೇಡ, ಇಟ್ಟಿಗೆಯನ್ನಂತೂ ನಂಬಲೇಬೇಡ, ಗಟ್ಟಿ ಸ್ಟ್ಯಾಂಡ್ ಕೊಡು. ಹೆರಾಲ್ಡಿನ ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಮುಂದಿನ ಕೆಲಸ ಸಲೀಸು. ಕಷ್ಟ ಇರುವುದು ಹಿಂದಕ್ಕೆ ಹೋಗುವ ಉದ್ದ ಪೈಪಿನಲ್ಲಿ. ನಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ನಟ್ಟು ಉರುಟಾಗುತ್ತದೆ. ಪೈಪು ತೂರಿಸಲು ಒಂದು ಕಡೆ ಬಾಯಿ ಕೊಯ್ದಿರುವ ರಿಂಗ್ ಸ್ಪ್ಯಾನರನ್ನೇ ತಗೋ. ಹಳೆಯ ಪೈಪನ್ನು ಬಗ್ಗಿಸದೆ, ತುಂಡು ಮಾಡದೆ ಹೊರಗೆ ತೆಗೆ, ಹೊಸದಕ್ಕೆ ಅದೇ ಅಳತೆ, ಅದೇ ಅಚ್ಚು. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಿಂದ ಒರೆಸು.

ಹೊಸ ಪೈಪು 3/16 ಅಂಗುಲದ್ದು, ಬ್ರೇಕಿಗೆಂದೇ ಮಾಡಿದ ಉಕ್ಕಿನದು ಅಥವಾ ತಾಮ್ರ-ನಿಕ್ಕಲ್ ಮಿಶ್ರದ್ದು ಆಗಿರಲಿ. ಫ್ರಿಜ್ ರಿಪೇರಿಯವರ ತಾಮ್ರದ ಕೊಳವೆ ಸುಲಭವಾಗಿ ಬಗ್ಗುತ್ತದೆ, ಅಗ್ಗಕ್ಕೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಬಂದುಬಿಡು. ತಾಮ್ರ ಅದುರಿ ಅದುರಿ ಗಡುಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಕತ್ತರಿಸಲು ಪೈಪ್ ಕಟರ್ ಬಳಸು; ಗರಗಸ ಹಾಕಿದರೆ ಪುಡಿ ಒಳಗೆ ಬೀಳುತ್ತದೆ. ತುದಿಯನ್ನು ಎರಡು ಮಡಿಕೆಯಾಗಿ ಫ್ಲೇರ್ ಮಾಡಿಸು, ಒಂದೇ ಮಡಿಕೆಯದು ಸೀಳುತ್ತದೆ. ಫ್ಲೇರ್ ಮಾಡುವ ಮೊದಲೇ ನಟ್ಟನ್ನು ಪೈಪಿಗೆ ಪೋಣಿಸಿರಬೇಕು, ಇದನ್ನು ಮರೆಯದವರು ಕಡಿಮೆ! ಇನ್ನೊಂದು ಮಾತು: ಹೆರಾಲ್ಡಿನದು ಅಂಗುಲದ ಥ್ರೆಡ್ಡು, ಫಿಯೆಟ್ಟಿನದು ಮಿಲಿಮೀಟರಿನದು. 3/8 ಅಂಗುಲದ್ದೂ 10 ಮಿಲಿಮೀಟರಿನದೂ ನೋಡಲು ಒಂದೇ ಥರ. ಬೆರಳಿನಲ್ಲಿ ಸುಲಭವಾಗಿ ತಿರುಗದ ನಟ್ಟನ್ನು ಸ್ಪ್ಯಾನರಿನಿಂದ ಒತ್ತಾಯ ಮಾಡಬೇಡ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರೆ ಹಳೆಯ ನಟ್ಟು ಜೇಬಿನಲ್ಲಿರಲಿ, ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಂಡುಕೋ.

ರಬ್ಬರ್ ಹೋಸುಗಳನ್ನೂ ಇದೇ ಸಲ ಬದಲಾಯಿಸು. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡಿರುತ್ತದೆ. ಫ್ಲೂಯಿಡ್ ಒಳಕ್ಕೆ ಹೋಗುತ್ತದೆ, ವಾಪಸು ಬರುವುದಿಲ್ಲ, ಪೆಡಲ್ ಬಿಟ್ಟರೂ ಆ ಚಕ್ರ ಹಿಡಿದೇ ಇರುತ್ತದೆ. ಜನ ಶೂ ಬದಲಾಯಿಸಿ, ಸಿಲಿಂಡರ್ ಬದಲಾಯಿಸಿ, ಕೊನೆಗೆ ಹೋಸಿನ ಹತ್ತಿರ ಬರುತ್ತಾರೆ. ವೀಲ್ ಸಿಲಿಂಡರಿನ ರಬ್ಬರನ್ನು ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೆಯಬೇಡ, ಊದಿ ಹೋಗುತ್ತದೆ. ಬ್ರೇಕ್ ಫ್ಲೂಯಿಡ್ಡಿನಲ್ಲೇ ತೊಳೆ. ಆ ಫ್ಲೂಯಿಡ್ ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಎದ್ದುಬರುತ್ತದೆ. ಪೇಂಟಿಂಗ್ ಆಮೇಲೆ ಇರಲಿ ಅಂದದ್ದಕ್ಕೆ ಇದೂ ಒಂದು ಕಾರಣ.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ತೀರ ದೂರದ ಚಕ್ರದಿಂದ ಶುರುಮಾಡು. ಬಲಗಡೆ ಸ್ಟಿಯರಿಂಗಿನ ಕಾರಿನಲ್ಲಿ ಅದು ಹಿಂದಿನ ಎಡಗಡೆಯದು, ಹಾಗೇ ಹತ್ತಿರದ ಕಡೆಗೆ ಬಾ. ಒಬ್ಬರು ಪೆಡಲ್ ತುಳಿದಾಗ ನಿಪ್ಪಲ್ ಸಡಿಲಿಸು, ಅವರು ಕಾಲೆತ್ತುವ ಮುಂಚೆ ಬಿಗಿ ಮಾಡು. ಹೊರಬಂದ ಫ್ಲೂಯಿಡ್ಡನ್ನು ವಾಪಸು ಡಬ್ಬಕ್ಕೆ ಸುರಿಯಬೇಡ. ಗುಳ್ಳೆ ನಿಂತ ಮೇಲೆ ಪೆಡಲನ್ನು ಗಟ್ಟಿಯಾಗಿ ಒಂದು ನಿಮಿಷ ಒತ್ತಿ ಹಿಡಿ, ಪ್ರತಿ ಜೋಡಣೆಯನ್ನೂ ಒಣ ಬಿಳಿ ಬಟ್ಟೆಯಿಂದ ಒರೆಸಿ ನೋಡು. ಬಟ್ಟೆಗೆ ಹನಿ ತಾಗಿದರೆ ಅದನ್ನು ಸರಿಮಾಡದೆ ಗೇಟು ದಾಟಬೇಡ.

ಈಗ ಆಗುಂಬೆ. ಸೋಮೇಶ್ವರದ ಕಡೆ ಇಳಿಯುವ 14 ತಿರುವುಗಳಲ್ಲಿ ಬ್ರೇಕ್ ಬಿಸಿಯಾಗುತ್ತಲೇ ಹೋಗುತ್ತದೆ. ಹೊಸ ಡಾಟ್ 4 ಫ್ಲೂಯಿಡ್ ಕುದಿಯುವುದಕ್ಕೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಕುಡಿದ ಮೇಲೆ ಅದು 155ರವರೆಗೂ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿ. ಆವಿ ಅಮುಕಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹಾಗಾಗಿ ಮೊದಲು ಮನೆಯಂಗಳದಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡು. ಆಮೇಲೆ ಬೆಳಗಿನ ಜಾವ ಭದ್ರಾವತಿ–ಶಿವಮೊಗ್ಗ ರಸ್ತೆಯಲ್ಲಿ ಕೆಲವು ದಿನ ಓಡಿಸಿ, ಮತ್ತೆ ಕಾರಿನಡಿ ಮಲಗಿ ಎಲ್ಲ ಜೋಡಣೆ ನೋಡು. ಘಾಟಿಗೆ ಹೋದ ದಿನ ಎರಡನೇ ಗೇರಿನಲ್ಲಿ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡ.

50 ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಅದನ್ನು ಯೋಚಿಸಿ ಮಾಡಿಸು. ಬ್ರೇಕಿನ ಕೆಲಸಕ್ಕೆ ಮಾತ್ರ ಯೋಚನೆ ಬೇಡ. ನಿನ್ನ ಕೈಗೆ ಕೂರದ ಕಡೆ ಹಳೇ ಫಿಯೆಟ್, ಅಂಬಾಸಿಡರ್ ಬಿಚ್ಚಿ ಪಳಗಿದ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೋ, ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಫ್ಲೂಯಿಡ್ ಹಾಕಿದ ತಾರೀಖನ್ನು ಬಾನೆಟ್ಟಿನ ಒಳಗೆ ಬರೆದಿಡು, ಎರಡು ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಕೂಡಲೇ ಬದಲಾಯಿಸು. ಇಷ್ಟು ಮಾಡಿದ ಮೇಲೆ ಬಣ್ಣ ಕೆಂಪೋ ಕೆನೆಯೋ, ನಿನ್ನಿಷ್ಟ.