ಗಣಿ ನೀರಿನ ಕೆರೆಯ ಹಸಿರು ಗೋದಲಿಗೆ ಬೇಡ

ಗಣಿ ಗುಡ್ಡದ ಮಣ್ಣು ಹರಿದು ಬಂದು ಸೇರುವ ಕೆರೆಯಿಂದ ಒಂದು ಅಂತರಗಂಗೆ ಗಿಡ ಕಿತ್ತು ನೋಡಿ. ಎಲೆ ಹೊಳೆಯುವ ಹಸಿರು, ತೊಟ್ಟು ಗಾಳಿ ತುಂಬಿ ಉಬ್ಬಿರುತ್ತದೆ. ಕೆಳಗೆ ಇಳಿಬಿದ್ದ ಬೇರಿನ ಜುಂಗನ್ನು ನೀರಿನಲ್ಲಿ ಎಷ್ಟು ಜಾಲಿಸಿದರೂ ತುಕ್ಕಿನ ಬಣ್ಣ ಬಿಡುವುದಿಲ್ಲ. ಬೇರು ಹೊರಬಿಡುವ ಆಮ್ಲಜನಕ ತಾಗಿ ನೀರಿನ ಕಬ್ಬಿಣ ಅಲ್ಲೇ ತುಕ್ಕಾಗಿ ಕೂತಿರುತ್ತದೆ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದೂ ಆ ತುಕ್ಕಿಗೆ ಹತ್ತಿಕೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂ ಬೇರಿನೊಳಕ್ಕೂ ಇಳಿಯುತ್ತವೆ.

ಕೆಂಪು ಬಣ್ಣಕ್ಕೇ ಹೆದರಬೇಕಿಲ್ಲ. ಸಂಡೂರಿನ ಕಬ್ಬಿಣದ ಮಣ್ಣು ಕಣ್ಣಿಗೆ ಕಾಣುತ್ತದೆ. ಬಣ್ಣವಿಲ್ಲದೆ ಬರುವುದೇ ಹೆಚ್ಚು ಅಪಾಯ. ಹಟ್ಟಿಯ ಚಿನ್ನದ ಅದಿರಿನಲ್ಲಿ ಆರ್ಸೆನಿಕ್ ಇರುವ ಖನಿಜವಿದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅದರ ಸೈನೈಡ್ ದಿಬ್ಬಗಳ ಪುಡಿ ಗಾಳಿ ಮಳೆಗೆ ಈಗಲೂ ಸುತ್ತಲ ನೆಲಕ್ಕೆ ಇಳಿಯುತ್ತದೆ.

ಇಂಥ ಕಡೆ ನಮ್ಮ ರೈತರು ತಿಳಿಯದೆ ಮಾಡುವ ತಪ್ಪು ದನದ ಮೇವಿಗೆ ಬೆಳೆಸುವ ಅಜೋಲ್ಲಾದ್ದು. ಅದರ ತೊಟ್ಟಿಗೆ ಹತ್ತಿರದ ಕೆರೆಯ ನೀರನ್ನೇ ತುಂಬಿಬಿಡುತ್ತೇವೆ. ಅಜೋಲ್ಲಾ ಎಷ್ಟು ಬೇಗ ಬೆಳೆಯುತ್ತದೋ ಅಷ್ಟೇ ಚುರುಕಾಗಿ ನೀರಿನ ಲೋಹವನ್ನು ಹೀರುತ್ತದೆ. ದಿನವೂ ಅದನ್ನು ತಿಂದ ಹಸುವಿನ ಪಿತ್ತಜನಕಾಂಗ, ಮೂತ್ರಪಿಂಡಗಳಲ್ಲಿ ಲೋಹ ಕೂಡುತ್ತಾ ಹೋಗುತ್ತದೆ. ತೊಟ್ಟಿಗೆ ಪರೀಕ್ಷೆ ಮಾಡಿಸಿದ ನೀರು ಅಥವಾ ಚಾವಣಿಯ ಮಳೆನೀರು ಹಾಕಿ. ಅಂಥ ಕೆರೆಯಂಚಿನ ಹೊನಗೊನೆ ಸೊಪ್ಪನ್ನೂ ಅಡುಗೆಗೆ ಕೊಯ್ಯಬೇಡಿ.

ಅಂತರಗಂಗೆಯನ್ನು ಗೊಬ್ಬರ ಮಾಡಿದರೆ ಲೋಹ ಕೊಳೆತು ಹೋಗುವುದಿಲ್ಲ. ಗುಡ್ಡೆ ಕುಗ್ಗುತ್ತದೆ, ಲೋಹ ಅಷ್ಟೇ ಉಳಿಯುತ್ತದೆ. ಅಂದರೆ ಒಂದು ಬುಟ್ಟಿ ಗೊಬ್ಬರದಲ್ಲಿ ಲೋಹ ಇನ್ನೂ ಹೆಚ್ಚು. ಗಿಡ ಸತ್ತು ತಳಕ್ಕೆ ಇಳಿದರೂ ಇದೇ ಕಥೆ. ಬೇಸಿಗೆಯಲ್ಲಿ ನಾವು ಅಕ್ಕರೆಯಿಂದ ಹೊಲಕ್ಕೆ ಹೊಡೆಸುವ ಕೆರೆಗೋಡಿನಲ್ಲಿ ಆ ಲೋಹ ಸೇರಿರುತ್ತದೆ.

ಇಂಥ ಲೋಹ ಭತ್ತದ ಗದ್ದೆಗೆ ಬಂದರೆ ಏನಾಗುತ್ತದೆಂದು ಜಪಾನಿನ ಜಿಂಜು ನದಿಯ ರೈತರು ಕಂಡಿದ್ದಾರೆ. ಮೇಲಿನ ಕಮಿಯೋಕಾ ಸತು ಗಣಿಯ ಕ್ಯಾಡ್ಮಿಯಂ ನದಿಗಿಳಿದು, ಕಾಲುವೆಯಿಂದ ಗದ್ದೆಗೆ ಬಂತು. ಆ ಅಕ್ಕಿ ಉಂಡವರಲ್ಲಿ ಮೂಳೆ ಮೆತ್ತಗಾಗಿ, ಮೈ ಅಲುಗಿದರೂ ಮುರಿಯತೊಡಗಿದವು. ನರಳಿದವರಲ್ಲಿ ಹೆಚ್ಚಿನವರು ಹೆಂಗಸರು. "ಇತಾಯ್, ಇತಾಯ್", ಅಂದರೆ "ನೋವು, ನೋವು" ಎಂಬ ಅವರ ನರಳಾಟವೇ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಇದು ಗಣಿಯಿಂದ ಬಂದ ರೋಗ ಎಂದು ಒಪ್ಪಿತು. 800 ಹೆಕ್ಟೇರಿಗೂ ಮಿಕ್ಕ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ.

ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಭತ್ತಕ್ಕೆ ಕ್ಯಾಡ್ಮಿಯಂ ಕಡಿಮೆ ಏರುತ್ತದೆ, ಆರ್ಸೆನಿಕ್ ಹೆಚ್ಚಾಗುತ್ತದೆ. ಬಸಿದು ಆರಿಸಿದರೆ ಇದಕ್ಕೆ ತಿರುಗುಮುರುಗು. ಯಾವ ಲೋಹವೆಂದು ತಿಳಿಯದೆ ನೀರಿನ ಪಾಳಿ ಬದಲಿಸಬೇಡಿ.

ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ತಾಮ್ರ, ಕಬ್ಬಿಣ ಇರುತ್ತವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇರುವುದಿಲ್ಲ. ಈ ಮೂರನ್ನೂ ನೋಡಬೇಕೆಂದು ಬಾಯಿಬಿಟ್ಟು ಕೇಳಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಆಗದಿದ್ದರೆ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಚಾರಿಸಿ. ಕೆರೆಯ ನೀರು, ಗೋಡು, ಬೇರುಸಹಿತ ಒಂದು ಗಿಡ, ಮೂರನ್ನೂ ಬೇರೆ ಬೇರೆ ಚೀಲ, ಬಾಟಲಿಯಲ್ಲಿ ಕೊಡಿ.

ನೀರು ಒಳಬರುವ ಬಾಯಲ್ಲಿ ಜೊಂಡು ಬೆಳೆದಿದ್ದರೆ ಕೀಳಬೇಡಿ, ಹೂಳನ್ನು ಅದು ತಡೆದು ಹಿಡಿಯುತ್ತದೆ. ತೆಗೆಯಲೇಬೇಕಾದ ಅಂತರಗಂಗೆಯನ್ನು ದಂಡೆಯಲ್ಲಿ ರಾಶಿ ಹಾಕಿದರೆ ಮುಂದಿನ ಮಳೆಗೆ ಎಲ್ಲ ಮತ್ತೆ ಕೆರೆಗೇ. ಸುಡುವುದಂತೂ ಬೇಡ, ಹೊಗೆ ಬೂದಿಯೊಂದಿಗೆ ಲೋಹ ಊರಿಗೆ ಬರುತ್ತದೆ. ಬಾವಿ, ಬೋರ್‌ವೆಲ್‌ಗಳಿಂದ ದೂರ, ನೀರು ಹರಿಯದ ಎತ್ತರದ ಜಾಗದಲ್ಲಿ ದಪ್ಪ ಹಾಳೆ ಹಾಸಿದ ಗುಂಡಿ ತೆಗೆದು ಹೂಳಿಸಿ, ದನ ಹೋಗದಂತೆ ಬೇಲಿ ಕಟ್ಟಿ.