ಬೀದಿಯ ಮರಿ ಮನೆಗೆ ಬಂದರೆ: ಮೊದಲು ಪರೀಕ್ಷೆ, ಆಮೇಲೆ ಲಸಿಕೆ

ಮಸ್ಕತ್‌ನ ರೂವಿ, ಮತ್ರಾ, ಅಲ್ ಖುವೈರ್ ಕಡೆ ಬೆಕ್ಕಿಲ್ಲದ ಓಣಿಯೇ ಅಪರೂಪ. ಕಾರಿನಡಿ ನೆರಳಿಗೆ ಮಲಗಿದ ಮರಿಯನ್ನು ಮಕ್ಕಳು ಎತ್ತಿಕೊಂಡು ಬರುತ್ತಾರೆ. ನಾಲ್ಕು ದಿನದಲ್ಲಿ ಅದು ಮನೆಯದೇ ಆಗಿಬಿಡುತ್ತದೆ. ಒಮಾನ್‌ನ ಕನ್ನಡ ಕುಟುಂಬಗಳು ಹೀಗೆ ಮರಿ ಸಾಕುವ ಮುನ್ನ, ಅದರಲ್ಲೂ ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ, ಒಂದು ವೈರಸ್ ಬಗ್ಗೆ ತಿಳಿದಿರಲೇಬೇಕು: ಫೆಲೈನ್ ಲ್ಯುಕೇಮಿಯಾ.

ಒಂದೇ ಮನೆಯ ಹಲವು ಬೆಕ್ಕುಗಳಿಗೆ ಕ್ಯಾನ್ಸರ್ ಬಂದದ್ದನ್ನು ಬೆನ್ನುಹತ್ತಿದ ಗ್ಲಾಸ್ಗೋದ ವಿಜ್ಞಾನಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಪತ್ತೆಮಾಡಿದರು. ಇದು ಹೆಚ್ಚಾಗಿ ಜೊಲ್ಲಿನಿಂದ ಹರಡುತ್ತದೆ. ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆಯಲ್ಲಿ ತಿನ್ನುವುದು, ಕಚ್ಚಾಟ, ತಾಯಿಯ ಹಾಲು ಎಲ್ಲವೂ ದಾರಿಯೇ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಸೋಂಕು ತಗುಲಿದ ಎಲ್ಲ ಬೆಕ್ಕುಗಳೂ ಕಾಯಿಲೆ ಬೀಳುವುದಿಲ್ಲ. ಮುಂದೇನಾಗುತ್ತದೆ ಎಂಬುದು ಬಹುಪಾಲು ದೇಹದ ರೋಗನಿರೋಧಕ ಶಕ್ತಿಗೆ ಬಿಟ್ಟದ್ದು. ಕೆಲವು ಬೆಕ್ಕುಗಳ ಟಿ-ಕೋಶಗಳು ಮತ್ತು ಪ್ರತಿಕಾಯಗಳು ವೈರಸ್ಸನ್ನು ಆರಂಭದಲ್ಲೇ ಅಳಿಸಿಹಾಕುತ್ತವೆ. ಇನ್ನು ಕೆಲವುಗಳಲ್ಲಿ ವೈರಸ್ ರಕ್ತದಿಂದ ಮರೆಯಾದರೂ ಅದರ ವಂಶವಾಹಿ ಜೀವಕೋಶಗಳ ಡಿಎನ್‌ಎಯೊಳಗೆ ಸುಮ್ಮನೆ ಉಳಿಯುತ್ತದೆ. ದೇಹ ಸೋತರೆ ಮಾತ್ರ ವೈರಸ್ ಮೂಳೆಮಜ್ಜೆಯಲ್ಲಿ ಬೇರೂರಿ ರಕ್ತಹೀನತೆ, ಲಿಂಫೋಮಾ, ಮತ್ತೆ ಮತ್ತೆ ಸೋಂಕು ಕಾಡುತ್ತವೆ. ಹೀಗೆ ಸೋಲುವುದು ಹೆಚ್ಚಾಗಿ ಎಳೆಯ ಮರಿಗಳೇ. ಆದ್ದರಿಂದ ಈ ಕ್ರಮ ಅನುಸರಿಸಿ.

1. ಬೇರೆ ಕೋಣೆ ಕೊಡಿ
ಹೊಸ ಮರಿಗೆ ಪ್ರತ್ಯೇಕ ಕೋಣೆ, ತಟ್ಟೆ, ನೀರಿನ ಬಟ್ಟಲು, ಮಲದ ಟ್ರೇ ಇರಲಿ. ವೈರಸ್ ದೇಹದ ಹೊರಗೆ ಹೆಚ್ಚು ಹೊತ್ತು ಬದುಕದು. ಸೋಪು ನೀರಿನ ತೊಳೆತ ಸಾಕು.

2. ರಕ್ತ ಪರೀಕ್ಷೆ ಮಾಡಿಸಿ
ಪಶುವೈದ್ಯರು ಕೆಲವೇ ಹನಿ ರಕ್ತದಲ್ಲಿ ವೈರಸ್ಸಿನ ಪಿ27 ಎಂಬ ಪ್ರೋಟೀನನ್ನು ಹುಡುಕುತ್ತಾರೆ. ಯಾವ ವಯಸ್ಸಿನ ಮರಿಗೂ ಇದನ್ನು ಮಾಡಬಹುದು. ಬೇಸಿಗೆಯಲ್ಲಿ ಮುಂಜಾನೆಯೋ ಸಂಜೆಯೋ ಕರೆದೊಯ್ಯಿರಿ. ನಿಲ್ಲಿಸಿದ ಕಾರಿನೊಳಗೆ ಒಂದು ನಿಮಿಷವೂ ಬಿಡಬೇಡಿ.

3. ಆರು ವಾರದ ನಂತರ ಮತ್ತೊಮ್ಮೆ
ಈಚೆಗಷ್ಟೇ ಸೋಂಕು ತಗುಲಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ನೆಗೆಟಿವ್ ಬಂದರೂ ಎರಡನೆಯ ವರದಿ ಕೈಸೇರುವವರೆಗೆ ಬೆಕ್ಕುಗಳನ್ನು ಬೆರೆಸಬೇಡಿ. ಪಾಸಿಟಿವ್ ಬಂದರೆ ಎದೆಗುಂದಬೇಡಿ. ಪಿಸಿಆರ್ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಕೆಲವು ವಾರ ಬಿಟ್ಟು ಪಿ27 ಪರೀಕ್ಷೆಯನ್ನು ಮತ್ತೆ ಮಾಡಿಸಿ. ಅಷ್ಟರಲ್ಲಿ ದೇಹವೇ ವೈರಸ್ಸನ್ನು ಹತ್ತಿಕ್ಕಿರಬಹುದು. ಒಂದೇ ವರದಿ ನೋಡಿ ದಯಾಮರಣದ ಮಾತೆತ್ತಬಾರದು.

4. ನೆಗೆಟಿವ್ ಇದ್ದರೆ ಲಸಿಕೆ
ಎಂಟು ವಾರ ತುಂಬಿದ ಮರಿಗೆ ಮೊದಲ ಚುಚ್ಚುಮದ್ದು, ಮೂರು-ನಾಲ್ಕು ವಾರಕ್ಕೆ ಎರಡನೆಯದು, ವರ್ಷಕ್ಕೆ ಬೂಸ್ಟರ್. ಆಮೇಲಿನ ಅಂತರವನ್ನು ಬೆಕ್ಕು ಹೊರಗೆ ಓಡಾಡುತ್ತದೆಯೇ ಎಂದು ನೋಡಿ ವೈದ್ಯರು ಹೇಳುತ್ತಾರೆ. ಈಗಾಗಲೇ ಸೋಂಕಿರುವ ಬೆಕ್ಕನ್ನು ಲಸಿಕೆ ಗುಣಪಡಿಸುವುದಿಲ್ಲ. ಅದಕ್ಕೇ ಮೊದಲು ಪರೀಕ್ಷೆ. ಒಮಾನ್‌ನ ನರಿಗಳಲ್ಲಿ ರೇಬೀಸ್ ಇರುವುದರಿಂದ ಆ ಲಸಿಕೆಯನ್ನೂ ತಪ್ಪಿಸಬೇಡಿ.

5. ಸೋಂಕಿದ್ದರೆ ಆರೈಕೆ ಹೀಗೆ
ಬೆಕ್ಕು ಮನೆಯೊಳಗೇ ಇರಲಿ, ಸಂತಾನಹರಣ ಚಿಕಿತ್ಸೆ ಆಗಲಿ. ಹಸಿ ಮಾಂಸ, ಹಸಿ ಮೀನು ಬೇಡ. ಆರು ತಿಂಗಳಿಗೊಮ್ಮೆ ತೂಕ, ಒಸಡು, ರಕ್ತದ ತಪಾಸಣೆ ಮಾಡಿಸಿ. ಸ್ಟೀರಾಯ್ಡ್ ಔಷಧಿ ಅಡಗಿದ ವೈರಸ್ಸನ್ನು ಎಬ್ಬಿಸಬಲ್ಲದು, ಹಾಗಾಗಿ ಬೇರೆ ಯಾವ ವೈದ್ಯರ ಬಳಿ ಹೋದರೂ ಸೋಂಕಿನ ವಿಷಯ ಮೊದಲೇ ತಿಳಿಸಿ. ಒಮ್ಮೆ ಸೋಂಕು ತಗುಲಿದ ಬೆಕ್ಕಿನಿಂದ, ಅದು ಗಟ್ಟಿಮುಟ್ಟಾಗಿದ್ದರೂ, ಇನ್ನೊಂದಕ್ಕೆ ರಕ್ತ ಕೊಡಿಸಕೂಡದು.

6. ಹೊರಗೆ ಬಿಡುವ ಮುನ್ನ ಯೋಚಿಸಿ
ಒಮಾನ್‌ನ ಬೆಟ್ಟ, ವಾದಿಗಳಲ್ಲಿ ಅರೇಬಿಯಾದ ಕಾಡುಬೆಕ್ಕು ಇದೆ. ಸಾಕುಬೆಕ್ಕಿನ ಈ ವೈರಸ್ ಕಾಡಿನ ಜೀವಿಗಳನ್ನೂ ಕೊಲ್ಲಬಲ್ಲದು: 2007ರಲ್ಲಿ ಸ್ಪೇನ್‌ನ ದೊನ್ಯಾನಾದಲ್ಲಿ ಅಳಿವಿನಂಚಿನ ಐಬೀರಿಯನ್ ಲಿಂಕ್ಸ್‌ಗಳು ಇದಕ್ಕೆ ಬಲಿಯಾದವು.

ವರದಿಗಳನ್ನೂ ಲಸಿಕೆ ಪುಸ್ತಕವನ್ನೂ ಜೋಪಾನವಾಗಿಡಿ. ಕೆಲಸ ಮುಗಿಸಿ ಊರಿಗೆ ಹೊರಡುವ ದಿನ ಬಂದೇ ಬರುತ್ತದೆ. ಆಗ ಬೆಕ್ಕನ್ನು ಜೊತೆಗೆ ಕರೆದೊಯ್ಯಲು ಅಥವಾ ಬೇರೆ ಮನೆ ಹುಡುಕಲು ಕೆಲವು ತಿಂಗಳು ಮೊದಲೇ ತಯಾರಿ ಮಾಡಿ. ಮನೆಯ ಅನ್ನ ಉಂಡ ಬೆಕ್ಕನ್ನು ಮತ್ತೆ ಬೀದಿಗೆ ಬಿಡುವುದು ಆ ಜೀವಕ್ಕೂ, ಬೀದಿಯ ಉಳಿದ ಬೆಕ್ಕುಗಳಿಗೂ ಮಾಡುವ ಅನ್ಯಾಯ.