4294967297: ಉತ್ತರ ಸರಿ, ಕಾರಣ ತಪ್ಪು

ಲ್ಯಾಬಿನಲ್ಲಿ ನಾವು ಬರೆದ ಸಿ ಪ್ರೋಗ್ರಾಮಿಗೆ 4294967297 ಕೊಟ್ಟೆವು. 'ಪ್ರೈಮ್ ಅಲ್ಲ' ಅಂತ ಬಂತು. ಉತ್ತರ ಸರಿ ಅಂತ ಖುಷಿಪಟ್ಟೆವು. ಆಮೇಲೆ ಸಂಖ್ಯೆಯನ್ನೇ ಪ್ರಿಂಟ್ ಮಾಡಿ ನೋಡಿದರೆ ಬರೀ 1! 32 ಬಿಟ್‌ಗಳ ಅನ್‌ಸೈನ್ಡ್ ಇಂಟ್‌ನಲ್ಲಿ ಅದು ಹಿಡಿಸಿರಲಿಲ್ಲ.

ಈ ಸಂಖ್ಯೆ ದೊಡ್ಡವರನ್ನೂ ಎಡವಿಸಿದೆ. 3, 5, 17, 257, 65537 ಈ ಸಾಲನ್ನು ನೋಡಿ. ಒಂದರಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಸಿಗುತ್ತೆ. ಐದೂ ಅವಿಭಾಜ್ಯ ಸಂಖ್ಯೆಗಳು (ನಾವು ಶಾಲೆಯಲ್ಲಿ ಪ್ರೈಮ್ ಅಂತ ಕಲಿತದ್ದು). ಮುಂದಿನವೂ ಹಾಗೇ ಇರುತ್ತವೆ ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ನಂಬಿದ್ದರು. ಆರನೆಯದೇ 2³² + 1, ಅಂದರೆ 4294967297. 1732ರಲ್ಲಿ ಆಯ್ಲರ್ ಇದು 641 × 6700417 ಎಂದು ತೋರಿಸಿದರು.

ಕ್ಯಾಲ್ಕುಲೇಟರ್ ಇಲ್ಲದೆ ನಾವೂ 641ರಿಂದ ಭಾಗಿಸಿ ನೋಡೋಣ:

1. 5 × 2⁷ = 640. ಇದು 641ಕ್ಕೆ ಒಂದು ಕಡಿಮೆ, ಆದ್ದರಿಂದ ಶೇಷ −1 ಎನ್ನೋಣ.
2. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ರ ಶೇಷ 1.
3. 5⁴ = 625 = 641 − 16. ಹಾಗಾಗಿ 5⁴ರ ಜಾಗದಲ್ಲಿ −16, ಅಂದರೆ −2⁴ ಹಾಕಬಹುದು.
4. ಈಗ −2⁴ × 2²⁸ = −2³². ಇದರ ಶೇಷ 1 ಆದರೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಸೊನ್ನೆ.

ಭಾಗವಾಯ್ತು!

ಫರ್ಮಾಗೆ ಐದು ಸಲ ಸರಿ ಬಂದಿತ್ತು, ನಮಗೆ ಒಂದು ಸಲ. ಸರಿ ಬಂದದ್ದೆಲ್ಲ ಸಾಧನೆಯಲ್ಲ. ಗಣಿತದಲ್ಲಿ ಸಾಧನೆ ಅಂದರೆ ಮೇಲಿನ ನಾಲ್ಕು ಸಾಲು. ಪ್ರೋಗ್ರಾಮನ್ನು ಈಗ ಲಾಂಗ್ ಲಾಂಗ್ ಹಾಕಿ ತಿದ್ದಿದ್ದೇವೆ.